12 ರೂಪಾಯಿಯ ಚೀಲ: ಲಾಯರ್ ಗೆಳೆಯನಿಗೊಂದು ಪತ್ರ

ಪ್ರಿಯ ಲಾಯರ್ ಸಾಹೇಬರೇ,

ಆ ಅಂಗಡಿಯವರಿಗೆ ಅಂತ ನೀನು ಬರೆದು ಕಳಿಸಿದ ನೋಟಿಸ್ ಡ್ರಾಫ್ಟ್ ಓದಿದೆ. 12 ರೂಪಾಯಿಯ ಚೀಲಕ್ಕೆ ಇಷ್ಟುದ್ದ ಬರೆಯೋನು ನೀನೊಬ್ಬನೇ ಕಣೋ. ಅದರಲ್ಲಿ "ನನ್ನ ಕಕ್ಷಿದಾರರು ತೀವ್ರ ಮಾನಸಿಕ ಯಾತನೆ ಅನುಭವಿಸಿರುತ್ತಾರೆ" ಅಂತ ಬೇರೆ ಹಾಕಿದ್ದೀಯ. ಮನೆಯವಳಿಗೆ ಓದಿ ಹೇಳಿದೆ. "ಯಾತನೆ ಅನುಭವಿಸಿದ್ದು ನಾನು, ದಾರಿಯುದ್ದಕ್ಕೂ ನಿಮ್ಮ ಭಾಷಣ ಕೇಳಿದವಳು ನಾನು" ಅಂದಳು. ಇದಕ್ಕೆಲ್ಲ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನನ್ನ ಮೆಸೇಜಿಗೆ ವಾರ ಕಳೆದರೂ ಬ್ಲೂ ಟಿಕ್ ಬೀಳಲ್ಲ, ಇಲ್ಲಿ ಎಲ್ಲರ ಮುಂದೆ ಬರೆದರೆ ಮಾತ್ರ ಓಡೋಡಿ ಬರ್ತೀಯ. ಹಾಗಾಗಿ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ. ಉಳಿದವರೂ ಓದಿಕೊಳ್ಳಿ, ಅಡ್ಡಿಯಿಲ್ಲ. ಮೂರನೇ ಬಾಳೆಹಣ್ಣಿನ ವಿಷಯ ಮಾತ್ರ ಇಲ್ಲಿ ಎತ್ತಲ್ಲ, ಮಾತು ಕೊಟ್ಟಿದ್ದೇನೆ.

ನಡೆದದ್ದು ಇಷ್ಟು. ಒಂದು ದೊಡ್ಡ ಸೂಪರ್ ಮಾರ್ಕೆಟ್, ಹೆಸರು ಬೇಡ. ಬಾಗಿಲಲ್ಲೇ ಸೆಕ್ಯುರಿಟಿಯವರು ನನ್ನ ಕೈಲಿದ್ದ ಬಟ್ಟೆ ಚೀಲ ಇಸಿದುಕೊಂಡು, ಟೋಕನ್ ಕೊಟ್ಟು, ಗೂಡಿನಲ್ಲಿ ಇಟ್ಟರು. ನಿನ್ನ ಮದುವೆಯಲ್ಲಿ ತಾಂಬೂಲಕ್ಕೆ ಕೊಟ್ಟ ಚೀಲ ಅದು. ನಿನ್ನ ಹೆಂಡತಿಯ ಹೆಸರು ತಪ್ಪಾಗಿ ಪ್ರಿಂಟ್ ಆಗಿರೋದು ಇನ್ನೂ ಮಾಸಿಲ್ಲ, ನಾನೇನು ಮಾಡಲಿ. ಸಾಮಾನು ತಗೊಂಡು ಬಿಲ್ಲಿಂಗಿಗೆ ಬಂದರೆ ಅಲ್ಲಿಯ ಹುಡುಗ "ಕವರ್ ಬೇಕಾ ಸರ್?" ಅಂದ. ಚೀಲ ನಿಮ್ಮವರ ಹತ್ತಿರಾನೇ ಇದೆಯಲ್ಲಪ್ಪ ಅಂದೆ. ಅದನ್ನ ಬಿಲ್ ತೋರಿಸಿ ಆಮೇಲೆ ತಗೋಬೇಕು ಸರ್ ಅಂದ. ಟ್ರಾಲಿ ಕೌಂಟರ್ ದಾಟಿಸೋ ಹಾಗಿಲ್ಲ. ಹಾಗಾದರೆ ಈ ಈರುಳ್ಳಿ, ಎಣ್ಣೆ, ಬೇಳೆ, ಸೋಪು ಎಲ್ಲ ಬಾಗಿಲ ತನಕ ತಲೆ ಮೇಲೆ ಹೊತ್ತುಕೊಂಡು ಹೋಗಲಾ?

"ಕವರ್ 12 ರೂಪಾಯಿ ಸರ್."

ಅಲ್ಲಿಂದ ಶುರುವಾಯಿತು. ನನ್ನ ಬಾಯಿ ನಿನಗೆ ಗೊತ್ತಲ್ಲ.

ಈಗ ಆ ಕ್ಯೂನಲ್ಲಿ ನಿಂತ ಜನರನ್ನು ನೋಡುವುದೇ ಒಂದು ಅಭ್ಯಾಸ ಆಗಿಬಿಟ್ಟಿದೆ ನನಗೆ. "ಕವರ್ ಬೇಕಾ" ಅಂದ ತಕ್ಷಣ ಒಬ್ಬೊಬ್ಬರ ಮುಖ ಒಂದೊಂದು ಥರ. ಕೆಲವರು ಫೋನಿನಿಂದ ಕಣ್ಣೆತ್ತದೆ "ಹಾಕಿ" ಅಂತಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕೆಲವರು ಎಷ್ಟು ಅಂತ ಕೇಳಿ, ಬೇಡ ಅಂತ ಹೇಳಿ, ಹಾಲಿನ ಪ್ಯಾಕೆಟ್ಟು ಕಂಕುಳಲ್ಲಿ, ಬ್ರೆಡ್ಡು ಗಲ್ಲದ ಕೆಳಗೆ, ಮೊಟ್ಟೆ ಅಂಗೈ ಮೇಲೆ ಇಟ್ಟುಕೊಂಡು ಯುದ್ಧ ಗೆದ್ದವರ ಹಾಗೆ ಹೊರಡುತ್ತಾರೆ. ಮೊಟ್ಟೆ ಬಿದ್ದರೆ 12 ರೂಪಾಯಿಗಿಂತ ಜಾಸ್ತಿ ಲುಕ್ಸಾನು, ಆದರೂ ಬಿಡಲ್ಲ. ಒಬ್ಬ ಯಜಮಾನರು ಪ್ಯಾಂಟಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಳೇ ಕವರ್ ತೆಗೆದು, ಕೊಡವಿ, ಸುತ್ತಮುತ್ತ ಒಂದು ಸಲ ನೋಡಿದ್ದನ್ನು ನಾನು ಮರೆಯಲಾರೆ. ಎಂಥಾ ಗತ್ತು ಗೊತ್ತಾ! ಇನ್ನು ಕೆಲವರು ಜಗಳಕ್ಕೆ ನಿಲ್ಲುತ್ತಾರೆ, ನನ್ನ ಹಾಗೆ.

ಇದೇ ಮನುಷ್ಯ, ಅಂದರೆ ನಾನೇ, ರಾತ್ರಿ ಹತ್ತು ಗಂಟೆಗೆ ಸೋಫಾ ಮೇಲೆ ಬಿದ್ದುಕೊಂಡು ಆ್ಯಪಿನಲ್ಲಿ ಐಸ್‌ಕ್ರೀಮ್ ತರಿಸುವಾಗ ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಪ್ಲಾಟ್‌ಫಾರ್ಮ್ ಫೀ, ಮಳೆ ಬಂದರೆ ಮಳೆಗೂ ಒಂದಿಷ್ಟು, ಎಲ್ಲ ಕೊಡುತ್ತೇನೆ. ಒಂದು ಮಾತೂ ಆಡಲ್ಲ. ಮಾಲ್‌ನಲ್ಲಿ ಗಾಡಿ ನಿಲ್ಲಿಸಲು ಕೇಳಿದಷ್ಟು ತೆತ್ತು ಬರುತ್ತೇನೆ. ಈ 12 ರೂಪಾಯಿಗೆ ಮಾತ್ರ ರಕ್ತ ಕುದಿಯುತ್ತೆ. ಯಾಕೆ ಅಂತ ಯೋಚನೆ ಮಾಡಿದೆ. ನಿನ್ನ ನೋಟಿಸಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ನೀನು ಹಾಕಿರುವ ಕೇಸುಗಳನ್ನೂ ಓದಿದೆ, ಮಜವಾಗಿವೆ. 2019ರಲ್ಲಿ ಚಂಡೀಗಢದ ಗ್ರಾಹಕರ ವೇದಿಕೆ, ಅಂದರೆ ಗ್ರಾಹಕರ ಕೋರ್ಟು, 3 ರೂಪಾಯಿಯ ಕಾಗದದ ಚೀಲಕ್ಕಾಗಿ ಬಾಟಾ ಕಂಪನಿಗೆ ಒಟ್ಟು 9,000 ರೂಪಾಯಿ ಕಟ್ಟು ಅಂದಿದ್ದು. 2020ರ ಡಿಸೆಂಬರಿನಲ್ಲಿ ಬಿಗ್ ಬಜಾರ್ ಕೇಸಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಚೀಲಕ್ಕೆ ದುಡ್ಡು ಅಂತ ಮುಂಚೆಯೇ ತಿಳಿಸದೆ ಬಿಲ್ ಮಾಡುವ ಹೊತ್ತಿಗೆ ಹೇಳೋದು ಅನುಚಿತ ವ್ಯಾಪಾರ ಅಂದಿದ್ದು. 2023ರಲ್ಲಿ ನಮ್ಮ ಬೆಂಗಳೂರಿನಲ್ಲೇ, 20 ರೂಪಾಯಿಯ ಚೀಲದ ವಿಚಾರಕ್ಕೆ ಐಕಿಯಾದವರು ಗ್ರಾಹಕರಿಗೆ 3,000 ಕೊಡಬೇಕು ಅಂತ ಆದೇಶ ಆಗಿದ್ದು, ಅದೂ ಚೀಲದ ಮೇಲೆ ಅವರದೇ ಹೆಸರು ಇತ್ತು ಅನ್ನೋದು. ಕೇಸ್ ಗಟ್ಟಿಯಾಗಿದೆ ಅಂತ ಒಪ್ಪುತ್ತೇನೆ ಮಹರಾಯ.

ಆದರೆ ಇದೆಲ್ಲ ಶುರುವಾಗಿದ್ದು ಒಳ್ಳೆ ಉದ್ದೇಶದಿಂದ ಅಲ್ವಾ? 2011ರ ಕೇಂದ್ರದ ನಿಯಮದಲ್ಲಿ ಪ್ಲಾಸ್ಟಿಕ್ ಕವರ್ ಪುಕ್ಕಟೆ ಕೊಡಬಾರದು ಅಂತ ಬಂತು, ದುಡ್ಡು ಕೇಳಿದರೆ ಜನ ಮನೆಯಿಂದ ಚೀಲ ತರ್ತಾರೆ ಅಂತ. 2016ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ತೆಳುವೋ ದಪ್ಪವೋ ಪ್ಲಾಸ್ಟಿಕ್ ಕವರ್ ಕೊಡುವುದೇ ಬೇಡ ಅಂತು. ಸರಿ, ದೊಡ್ಡ ಅಂಗಡಿಗಳಿಂದ ಪ್ಲಾಸ್ಟಿಕ್ ಹೋಯಿತು, ದುಡ್ಡು ಕೇಳೋ ಅಭ್ಯಾಸ ಉಳಿಯಿತು. ಈಗ ಕಾಗದಕ್ಕೂ ದುಡ್ಡು, ಬಟ್ಟೆಗೂ ದುಡ್ಡು, ಬಟ್ಟೆಯ ಹಾಗೆ ಕಾಣೋ ಆ ನಾನ್ ವೋವನ್ ಚೀಲಕ್ಕೂ ದುಡ್ಡು, ಅದು ನೋಡಿದರೆ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅತ್ತ ನಮ್ಮ ಬೀದಿಯ ಹೂವಿನವಳು ಗಾಡಿ ಕೆಳಗಿಂದ ತೆಳ್ಳನೆ ಕವರ್ ಕಿತ್ತು, ಊದಿ ಬಾಯಿ ಬಿಡಿಸಿ, ಕೇಳದಿದ್ದರೂ ಹಾಕಿ ಕೊಡುತ್ತಾಳೆ. ಪುಕ್ಕಟೆ. ಕಾನೂನು ಮುರಿಯೋಳು ಅವಳು, ಪ್ರೀತಿ ಬರೋದೂ ಅವಳ ಮೇಲೇ.

ನಿನ್ನ ತಮ್ಮ ಡಬ್ಲಿನ್‌ನಿಂದ ಬಂದಾಗ ಹೇಳಿದ್ದು ನೆನಪಿದೆಯಾ? ಐರ್ಲೆಂಡಿನಲ್ಲಿ 2002ರಲ್ಲೇ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಅಂತ ಮಾಡಿದರು, 2007ರಲ್ಲಿ 22 ಆಯಿತು, ಆ ದುಡ್ಡು ಪರಿಸರದ ಕೆಲಸಕ್ಕೆ ಅಂತ ಇರೋ ಸರ್ಕಾರದ ನಿಧಿಗೆ ಹೋಗುತ್ತೆ. ಇಲ್ಲಿ ನನ್ನ 12 ರೂಪಾಯಿ ಅಂಗಡಿಯವರ ಗಲ್ಲಾಪೆಟ್ಟಿಗೆಗೆ. ಅವರ ಹೆಸರು ಹೊತ್ತುಕೊಂಡು ಊರೆಲ್ಲ ಜಾಹೀರಾತು ಮಾಡಿಕೊಂಡು ಬರೋನು ನಾನು.

ಇಷ್ಟು ನ್ಯಾಯ ನನ್ನ ಕಡೆ ಇದ್ದೂ ಸಮಾಧಾನ ಇಲ್ಲ. ಯಾಕೆ ಅಂದರೆ ಅಪ್ಪನ ಅಂಗಡಿ.

ತಿಪಟೂರಿನ ಆ ದಿನಸಿ ಅಂಗಡಿಯಲ್ಲಿ ನೀನೂ ಹುರಿಗಡಲೆ ತಿಂದವನೇ. ದುಡ್ಡು ಕೊಟ್ಟಿಲ್ಲ, ಲೆಕ್ಕ ಇದೆ. ಆಗ ಯಾರಾದರೂ ಬರಿಗೈಲಿ ಬರ್ತಿದ್ದರೇನೋ? ಮನೆಯಿಂದ ಒಂದು ಬಟ್ಟೆ ಚೀಲ, ಒಂದು ವೈರ್ ಬುಟ್ಟಿ, ಎಣ್ಣೆಗೊಂದು ಡಬ್ಬಿ. ಅಪ್ಪ ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲೆ ನೇತಾಡೋ ಉಂಡೆಯಿಂದ ದಾರ ಎಳೆದು, ಎರಡು ಸುತ್ತು ಸುತ್ತಿ ಟಕ್ ಅಂತ ಹರಿಯುತ್ತಿದ್ದರು. ಆಮೇಲೆ ಕವರ್ ಬಂತು. ಒಂದೆರಡು ವರ್ಷದಲ್ಲಿ ಊರೆಲ್ಲ ಕೈಬೀಸಿಕೊಂಡು ಬರಲು ಕಲಿಯಿತು. ಕಾಲು ಕೇಜಿ ಸಕ್ಕರೆಗೆ ಒಂದು, ಹರಿದರೆ ಅಂತ ಮೇಲೊಂದು. ಕೇಜಿಗಟ್ಟಲೆ ಕವರ್ ಕೊಂಡು ತರುವಾಗ ಅಪ್ಪ "ಕವರ್ ಏನು ನಮ್ಮ ತೋಟದಲ್ಲಿ ಬೆಳೆಯುತ್ತಾ" ಅಂತ ಗೊಣಗುತ್ತಿದ್ದರು. ಅಂದರೆ ಅದು ಯಾವತ್ತೂ ಪುಕ್ಕಟೆ ಆಗಿರಲಿಲ್ಲ. ನಮ್ಮಪ್ಪ ಕೊಡುತ್ತಿದ್ದರು, ಅಷ್ಟೇ. ಗೊಣಗಾಟ ಎಲ್ಲ ಒಳಗೆ. ಕೌಂಟರಿನಲ್ಲಿ ಯಾರಾದರೂ ಇನ್ನೊಂದು ಕವರ್ ಕೇಳಿದರೆ "ಇರ್ಲಿ ತಗೊಳ್ಳಿ". ನಾಲ್ಕಾಣೆ ಕಡಿಮೆ ಬಿದ್ದರೆ "ಇರ್ಲಿ ಬಿಡಿ". ಮಗು ಜೊತೆಗಿದ್ದರೆ ಒಂದು ಚೂರು ಬೆಲ್ಲ. ತೂಕ ಆದ ಮೇಲೆ ತಕ್ಕಡಿಗೆ ಒಂದು ಚಿಟಿಕೆ ಕೊಸರು.

ನನಗೆ ಬೇಕಾಗಿದ್ದು ಚೀಲ ಅಲ್ಲ ಕಣೋ, ಆ "ಇರ್ಲಿ ತಗೊಳ್ಳಿ". ಎರಡು ಸಾವಿರದ ಸಾಮಾನು ತಗೊಂಡವನಿಗೆ ಅಷ್ಟು ಅನ್ನೋಕೆ ಆಗಲ್ವಾ ಅಂತ ಒಳಗೆ ಉರಿದಿದ್ದು. ಆ್ಯಪಿನ ಹತ್ತಿರ ನಾನು ಅದನ್ನು ಎದುರು ನೋಡಲ್ಲ. ಅಲ್ಲಿ ಎದುರಿಗೆ ಮುಖ ಇಲ್ಲ. ಇಲ್ಲಿ ಒಂದು ಮುಖ ಇದೆ, ಮಾತಾಡುತ್ತೆ, ಸರ್ ಅನ್ನುತ್ತೆ, ಆದರೆ ಅದಕ್ಕೆ "ಇರ್ಲಿ" ಅನ್ನೋ ಅಧಿಕಾರ ಇಲ್ಲ. ನಾನು ಅಷ್ಟು ಕೂಗಾಡಿದ ಮೇಲೆ ಆ ಹುಡುಗ ಏನಂದ ಗೊತ್ತಾ? "ನನ್ನ ಕೈಲಿ ಏನೂ ಇಲ್ಲ ಸರ್, ಸಿಸ್ಟಮ್‌ನಲ್ಲೇ ಬರುತ್ತೆ."

ಲೋ, ಅದು ನನ್ನ ಡೈಲಾಗು.

ಬೆಳಿಗ್ಗೆ ಹತ್ತರಿಂದ ಬ್ಯಾಂಕಿನಲ್ಲಿ ಕೂತು ನಾನು ಹೇಳೋದೇ ಅದು. ಎಸ್ಸೆಮ್ಮೆಸ್ ಚಾರ್ಜ್ ಯಾಕೆ? ಸಿಸ್ಟಮ್ ತಗೊಳ್ಳುತ್ತೆ. ಚೆಕ್ ಬುಕ್ಕಿಗೆ ಯಾಕೆ? ಸಿಸ್ಟಮ್. ಕೆಲವು ದಿನಗಳ ಹಿಂದೆ ಒಬ್ಬರು ಅಜ್ಜಿ ಬಂದಿದ್ದರು, ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು. ಎಟಿಎಂ ಕಾರ್ಡಿನ ವರ್ಷದ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ ಕಟ್ ಆಗಿತ್ತು. "ಆ ಕಾರ್ಡನ್ನ ನಾನು ಮುಟ್ಟೇ ಇಲ್ಲ ಕಣಪ್ಪ, ಕೊಟ್ಟ ಲಕೋಟೆಯಲ್ಲೇ ಐತೆ, ದುಡ್ಡು ಯಾಕೆ ಹೋಯ್ತು?" ಅಂದರು. ಪೆನ್ಶನ್ ಖಾತೆ. ನಾನು ಎಂದಿನ ಹಾಗೆ, ಅದು ತಾನಾಗೇ ಆಗುತ್ತೆ ಅಜ್ಜಿ, ನಮ್ಮ ಕೈಲಿ ಇಲ್ಲ ಅಂದೆ. ಅವರು ನನ್ನ ಮುಖ ನೋಡಿದರು. ಜಗಳ ಆಡಲಿಲ್ಲ. "ಇರ್ಲಿ ಬಿಡಪ್ಪ, ನೀನಾದರೂ ಏನು ಮಾಡ್ತೀಯ" ಅಂದು ಪಾಸ್‌ಬುಕ್ ಮತ್ತೆ ಸೆರಗಿಗೆ ಸುತ್ತಿಕೊಂಡು ಹೋದರು.

ಆ ಮಾತನ್ನ ಅವರು ಹೇಳಬೇಕಾಯಿತು. ಅವರ ದುಡ್ಡಿನಲ್ಲಿ.

ಇದನ್ನು ಬರೆಯಬೇಕು ಅಂತ ಇರಲಿಲ್ಲ. ಬಂದಿದೆ, ಇರಲಿ, ಉಳಿದದ್ದನ್ನೂ ಹೇಳಿಬಿಡುತ್ತೇನೆ. ಅವರು ಹೋದಾಗ ನನಗೆ ಬೇಜಾರಾಗಲಿಲ್ಲ ಕಣೋ, ಹಾಯ್ ಅನ್ನಿಸಿತು. ಸದ್ಯ, ಕೂಗಾಡಲಿಲ್ಲ ಅಂತ. ಮುಂದಿನವರನ್ನ ಕರೆದೆ. ಬೇಜಾರು ಬಂದಿದ್ದು ಆಮೇಲೆ, ಆ ಹುಡುಗನ ಬಾಯಲ್ಲಿ ನನ್ನ ಮಾತು ಕೇಳಿದಾಗ. ನನಗೆ ಬ್ಯಾಂಕ್ ಕೆಲಸ ಸಿಕ್ಕಿದಾಗ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಕಲ್ಲುಸಕ್ಕರೆ ಕೊಟ್ಟಿದ್ದರು. ಇನ್ನು ನನ್ನ ಮಗ ತಕ್ಕಡಿ ಹಿಡಿಯಬೇಕಾಗಿಲ್ಲ ಅಂತ ಅವರ ಸಂತೋಷ. ನಿಜ, ಹಿಡಿಯಲಿಲ್ಲ. ತಕ್ಕಡಿ ಹಿಡಿದವರ ಕೈಲಿ ಕೊಸರು ಹಾಕೋಕಾದರೂ ಆಗುತ್ತಿತ್ತು. ರಾತ್ರಿ ಹೊತ್ತು ಇದು ತಲೆಗೆ ಬಂದರೆ ನಿದ್ದೆ ಬರಲ್ಲ. ಒಂದೊಂದು ದಿನ ಗ್ರಾಹಕರ ಮುಖವನ್ನೇ ನೋಡದೆ ಸ್ಕ್ರೀನ್ ನೋಡಿಕೊಂಡು ಮಾತು ಮುಗಿಸುತ್ತೇನೆ, ಅದು ಸುಲಭ. ಆ ಹುಡುಗ ಇನ್ನೂ ಚಿಕ್ಕವನು, ಮುಖ ನೋಡಿಯೇ ಮಾತಾಡುತ್ತಿದ್ದ.

ಹೋಗಲಿ ಬಿಡು. ಈಗ ನೀನು ಫೋನ್ ಮಾಡಿ "ಏನೋ ಆಯ್ತು ನಿಂಗೆ" ಅಂತ ಶುರು ಮಾಡಬೇಡ. ಏನೂ ಆಗಿಲ್ಲ, ಬಿಪಿ ಮಾತ್ರೆ ನುಂಗಿದ್ದೇನೆ, ರಾತ್ರಿ ಮುದ್ದೆ ಹೊಡೆದಿದ್ದೇನೆ, ಇದು ಬಹುಶಃ ಮುದ್ದೆಯ ಪ್ರಭಾವ. ಛತ್ರಿ ಮೇಷ್ಟ್ರು ಇದನ್ನು ಓದಿದ್ದರೆ ಕೆಂಪು ಇಂಕಿನಲ್ಲಿ "ವಿಷಯಾಂತರ" ಅಂತ ಬರೆದು ನಾಲ್ಕು ಮಾರ್ಕು ಕಳೀತಿದ್ದರು. ಉಳಿದ ಓದುಗರಲ್ಲಿ ವಿನಂತಿ: ಯಾವ ಬ್ಯಾಂಕು, ಯಾವ ಬ್ರಾಂಚು ಅಂತ ಕೆಳಗೆ ಕೇಳಬೇಡಿ. ನಿಮ್ಮ ಎಟಿಎಂ ಕಾರ್ಡು ಸುಮ್ನೆ ಲಕೋಟೆಯಲ್ಲೇ ಬಿದ್ದಿದ್ದರೆ ಒಂದು ಅರ್ಜಿ ಬರೆದುಕೊಟ್ಟು ವಾಪಸ್ ಮಾಡಿ, ಶುಲ್ಕ ಉಳಿಯುತ್ತೆ. ಇದನ್ನು ಹೇಳಿದ್ದು ನಾನು ಅನ್ನಬೇಡಿ. ಆ ಅಜ್ಜಿಯ ಅರ್ಜಿ ನಾನೇ ಬರೆದಿಟ್ಟಿದ್ದೇನೆ, ಮುಂದಿನ ತಿಂಗಳು ಪೆನ್ಶನ್‌ಗೆ ಬಂದಾಗ ಸಹಿ ಹಾಕಿಸಬೇಕು.

ನೋಟಿಸು ಕಳಿಸಬೇಡ. ನಿನಗೆ ಬೇಜಾರಾಗುತ್ತೆ ಅಂತ ಗೊತ್ತು, ಎಷ್ಟು ದಿನಕ್ಕೆ ಒಂದು ಕೇಸು ಸಿಕ್ಕಿತ್ತು ಪಾಪ. ಆದರೆ ಕೇಸು ಹಾಕಿದರೆ ವಿಚಾರಣೆಗೆ ಅಂತ ಪ್ರತಿ ಸಲ ರಜೆ ಬೇಕು, ನಮ್ಮ ಮ್ಯಾನೇಜರು ಕೊಡಲ್ಲ. ಕೇಳಿ ನೋಡಿದೆ. ರಜೆ ಅವರ ಕೈಲಿಲ್ಲವಂತೆ, ಪೋರ್ಟಲ್‌ನಲ್ಲೇ ಬರುತ್ತಂತೆ.

ಇಂತಿ ನಿನ್ನ,
ಕಕ್ಷಿದಾರ