ಗಿಟಾರ್ ಬದಲಾಯಿಸೋ ಮುಂಚೆ ಕೈ ಬದಲಾಯಿಸಿ ನೋಡಿ

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ನಮ್ಮ ಕಡೆ ಆರ್ಕೆಸ್ಟ್ರಾದವರಿಗೆ ಬಿಡುವೇ ಇರಲ್ಲ, ಈಗೀಗ ಹೊಸದಾಗಿ ಬೇಸ್ ಗಿಟಾರ್ ಹಿಡಿದ ಹುಡುಗ ಹುಡುಗಿಯರೂ ತುಂಬಾ ಜನ ಸ್ಟೇಜ್ ಹತ್ತುತ್ತಾ ಇದ್ದಾರೆ, ನೋಡೋಕೆ ತುಂಬಾ ಖುಷಿ ಆಗುತ್ತೆ. ಆದ್ರೆ ಅವರ ಹತ್ರ ಮಾತಾಡಿದ್ರೆ ಎಲ್ಲರದ್ದೂ ಒಂದೇ ಗೋಳು, ಮನೇಲಿ ಚೆನ್ನಾಗಿ ಬರುತ್ತೆ ಸಾರ್ ಸ್ಟೇಜಲ್ಲಿ ಬರೀ ಗುಂಯ್ ಅನ್ನುತ್ತೆ, ಈ ಆಂಪ್ (ಗಿಟಾರ್ ಸದ್ದು ಜೋರು ಮಾಡೋ ಪೆಟ್ಟಿಗೆ) ಸರಿ ಇಲ್ಲ, ಇಎಂಐ ಮೇಲೆ ಬೇರೆ ಗಿಟಾರ್ ತಗೋತೀನಿ ಅಂತ. ದುಡ್ಡು ಹಾಕೋ ಮುಂಚೆ ಒಂದ್ಸಲ ಕೈ, ಅಂದ್ರೆ ಮೀಟೋ ರೀತಿ, ಬದಲಾಯಿಸಿ ನೋಡಿ ಅಂತ ಅವರಿಗೆ ಹೇಳೋಕೇ ಈ ಪತ್ರ.

ನಮ್ಮ ಕೆಲಸದಲ್ಲಿ ಆಂಪ್ ನಮ್ಮದಾಗಿರಲ್ಲ, ಸೌಂಡ್‌ನೋರು ಏನು ತಂದ್ರೋ ಅದೇ. ಒಂದು ಊರಲ್ಲಿ ಆಳೆತ್ತರದ ಸ್ಪೀಕರ್ ಕ್ಯಾಬಿನೆಟ್ ಇರುತ್ತೆ, ಇನ್ನೊಂದು ಊರಲ್ಲಿ ಪ್ರ್ಯಾಕ್ಟೀಸಿಗೆ ಇಟ್ಟುಕೊಳ್ಳೋ ಸಣ್ಣ ಕಾಂಬೋ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೇಲಿ ಇರೋದು), ಮತ್ತೊಂದು ಕಡೆ ಆಂಪೇ ಇಲ್ಲ, ಗಿಟಾರ್ ಸಿಗ್ನಲ್ ಮಿಕ್ಸರ್‌ಗೆ ಹೊಂದಿಸೋ ಒಂದು ಡಿಐ ಬಾಕ್ಸ್ ಕೊಟ್ಟು ನೇರ ಮಿಕ್ಸರ್‌ಗೆ ಹಾಕ್ತಾರೆ. ಮೂರು ಕಡೆನೂ ಒಂದೇ ಥರ ಮೀಟಿದ್ರೆ ಮೂರು ಥರ ತೊಂದರೆ ಗ್ಯಾರಂಟಿ.

ಸಣ್ಣ ಕಾಂಬೋ ವಿಷಯ ಮೊದಲು ಹೇಳ್ತೀನಿ, ಯಾಕಂದ್ರೆ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಬೇಸ್‌ನ ದಪ್ಪ ಇ ತಂತಿಯ ಸ್ವರ ಸುಮಾರು 41 ಹರ್ಟ್ಸ್, 8 ಇಂಚಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಸರಿಯಾಗಿ ಕೊಡೋ ತಾಕತ್ತಿರಲ್ಲ. ಕೇಳ್ತಿಲ್ಲ ಅಂತ ನಾವು ಇನ್ನೂ ಜೋರಾಗಿ ಮೀಟ್ತೀವಿ, ಬೇಸ್ ನಾಬ್ ಪೂರ್ತಿ ತಿರುಗಿಸ್ತೀವಿ, ಆಗ ಸ್ಪೀಕರ್‌ನ ಕೋನ್ ಒದ್ದಾಡಿ ಬರ್ ಬರ್ ಅನ್ನುತ್ತೆ, ಸ್ವರ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಮಾಡಬೇಕಾಗಿದ್ದು ಇದರ ಉಲ್ಟಾ. ಬೇಸ್ ನಾಬ್ ಸ್ವಲ್ಪ ಇಳಿಸಿ, ಮಿಡ್ ಸ್ವಲ್ಪ ಏರಿಸಿ, ವಾಲ್ಯೂಮ್ ಜಾಸ್ತಿ ಇಟ್ಟು ಬೆರಳು ಹಗುರ ಮಾಡಿ, ಬಲಗೈನ ಬ್ರಿಡ್ಜ್ (ಗಿಟಾರ್ ಮೈಮೇಲೆ ತಂತಿ ಕೂರೋ ಪಟ್ಟಿ) ಕಡೆಗೆ ಒಂದೆರಡು ಇಂಚು ತಗೊಂಡು ಹೋಗಿ. ಬ್ರಿಡ್ಜ್ ಹತ್ರ ಮೀಟಿದ್ರೆ ಮೂಲ ಸ್ವರಕ್ಕಿಂತ ಅದರ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಜೊತೆಗೇ ಹುಟ್ಟೋ ಎತ್ತರದ ಸ್ವರಗಳು) ಎದ್ದು ಬರುತ್ತೆ, ಆ ಹಾರ್ಮೋನಿಕ್ಸ್ ಚೆನ್ನಾಗಿ ಕೇಳಿಸಿದ್ರೆ ಸ್ಪೀಕರ್ ಕೊಡದೇ ಇರೋ ಕೆಳಗಿನ ಸ್ವರವನ್ನ ನಮ್ಮ ಕಿವಿ ತಾನೇ ತುಂಬಿಕೊಳ್ಳುತ್ತೆ. ಫೋನ್ ಸ್ಪೀಕರ್‌ನಲ್ಲೂ ಇಳಯರಾಜಾ ಹಾಡುಗಳ ಬೇಸ್ ಗುರುತು ಸಿಗುತ್ತಲ್ಲ, ಅದಕ್ಕೂ ಇದೇ ಕಾರಣ.

ದೊಡ್ಡ ಕ್ಯಾಬಿನೆಟ್ ಸಿಕ್ಕಿದಾಗ ಕಥೆನೇ ಬೇರೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಅಂತ ಒಂದಿದೆ, 300 ವ್ಯಾಟ್, ಒಂದೊಂದು ಕ್ಯಾಬಿನೆಟ್‌ನಲ್ಲಿ ಹತ್ತಿಂಚಿನ ಎಂಟು ಸ್ಪೀಕರ್, ಆ ಥರದ್ದರ ಮುಂದೆ ನಿಂತು ಮೀಟಿದ್ರೆ ಪ್ಯಾಂಟು ನಡುಗುತ್ತೆ. ಇಂಥ ವಾಲ್ವ್ (ಗಾಜಿನ ಟ್ಯೂಬ್) ಆಂಪ್‌ಗಳಲ್ಲಿ ಜೋರಾಗಿ ಮೀಟಿದ್ರೆ ಅವು ತಾವೇ ಸದ್ದನ್ನ ಸ್ವಲ್ಪ ಅದುಮಿ ದುಂಡಗೆ ಮಾಡಿ ಕೊಡುತ್ತೆ, ಟ್ರಾನ್ಸಿಸ್ಟರ್ ಆಂಪ್‌ಗಳು ಒಂದು ಮಟ್ಟದ ತನಕ ಕ್ಲೀನಾಗಿದ್ದು ಆಮೇಲೆ ಒಮ್ಮೆಲೇ ಒಡೆಯುತ್ತೆ, ಹಾಗಾಗಿ ಅದರಲ್ಲಿ ಎಲ್ಲಾ ಸ್ವರಾನೂ ಒಂದೇ ಅಳತೆಗೆ ಬರೋ ಹಾಗೆ ಬೆರಳೇ ಕೆಲಸ ಮಾಡಬೇಕು. ಇದರ ಜೊತೆಗೆ ಹಾಲ್ ಬೇರೆ. 41 ಹರ್ಟ್ಸ್‌ನ ಒಂದು ಅಲೆ 8 ಮೀಟರ್‌ಗಿಂತ ಉದ್ದ, ಕಲ್ಯಾಣ ಮಂಟಪದ ಗೋಡೆಗೆ ಬಡಿದು ವಾಪಸ್ ಬಂದಾಗ ಕೆಲವು ಸ್ವರ ಸಿಕ್ಕಾಪಟ್ಟೆ ದಪ್ಪ ಆಗುತ್ತೆ ಕೆಲವು ಮಾಯಾನೇ ಆಗುತ್ತೆ, ಆಂಪ್ ಮೂಲೇಲಿ ಇಟ್ಟಿದ್ರಂತೂ ಕೇಳೋದೇ ಬೇಡ. ಅಂಥ ಕಡೆ ಸ್ವರ ಉದ್ದ ಎಳೀಬೇಡಿ, ಎಡಗೈ ಬೆರಳನ್ನ ಫ್ರೆಟ್ (ಗಿಟಾರ್ ಕತ್ತು, ಅಂದ್ರೆ ನೆಕ್ ಮೇಲಿನ ಲೋಹದ ಪಟ್ಟಿ) ಮೇಲಿಂದ ಸ್ವಲ್ಪ ಸಡಿಲ ಮಾಡಿ ಬೇಗ ನಿಲ್ಲಿಸಿ, ಡ್ರಮ್‌ನ ಕಿಕ್ (ಕಾಲಲ್ಲಿ ಬಾರಿಸೋದು) ಆಗ ಬಿಡಿಸಿ ಕೇಳುತ್ತೆ. ಡಿಐ ಆದ್ರೆ ಇನ್ನೊಂದು ಥರದ ಎಚ್ಚರ ಬೇಕು, ಸ್ಪೀಕರ್ ಮುಚ್ಚಿ ಹಾಕ್ತಿದ್ದ ಉಗುರಿನ ಸದ್ದು, ಬೆರಳು ಜಾರೋ ಕೀಚಲು, ಫ್ರೆಟ್‌ಗೆ ತಂತಿ ತಾಗೋ ಸದ್ದು ಎಲ್ಲಾ ಅಲ್ಲಿ ಹಾಗೇ ಹೊರಗೆ ಬರುತ್ತೆ.

ಗಿಟಾರ್‌ಗಳ ಸ್ವಭಾವನೂ ಹೀಗೇ. 1951ರ ಫೆಂಡರ್ ಪ್ರಿಸಿಷನ್‌ನಲ್ಲಿ ಒಂದೇ ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ), ಅದನ್ನ ನೋಡಿ ಮಾಡಿರೋ ಅಗ್ಗದ ಗಿಟಾರ್‌ಗಳೇ ನಮ್ಮಲ್ಲಿ ಜಾಸ್ತಿ, ಅದರಲ್ಲಿ ಟೋನ್ ನಾಬ್ ಬಿಟ್ರೆ ಸದ್ದು ಬದಲಾಯಿಸೋಕೆ ಇರೋದು ನಿಮ್ಮ ಕೈ ಇರೋ ಜಾಗ ಮಾತ್ರ. 1960ರಲ್ಲಿ ಬಂದ ಜಾಝ್ ಬೇಸ್‌ನಲ್ಲಿ ಎರಡು ಪಿಕಪ್, ನೆಕ್ ತುದೀಲಿ ಸಪೂರ, ಸಣ್ಣ ಕೈಯವರಿಗೆ ಹಿತ. ಬ್ಯಾಟರಿ ಹಾಕೋ ಆಕ್ಟಿವ್ ಬೇಸ್ ಬೆರಳಿನ ಸಣ್ಣ ಏರುಪೇರನ್ನೂ ದೊಡ್ಡದು ಮಾಡಿ ತೋರಿಸುತ್ತೆ, ಅಲ್ಲಿ ಕೈ ಹತೋಟೀಲಿ ಇಟ್ಕೋಬೇಕು. 30 ಇಂಚು ಸ್ಕೇಲಿನ (ಮೀಟೋ ತಂತಿಯ ಉದ್ದ) ಸಣ್ಣ ಬೇಸ್‌ನಲ್ಲಿ ತಂತಿ ಸಡಿಲ, ಜೋರಾಗಿ ಎಳೆದ್ರೆ ಶುರುವಲ್ಲಿ ಶ್ರುತಿನೇ ಮೇಲೆ ಹೋಗುತ್ತೆ. ಮಾಮೂಲಿ 34 ಇಂಚಿನದ್ದಾದ್ರೆ ನೆಕ್ ತುದಿ ಕಡೆಯ ಫ್ರೆಟ್‌ಗಳಲ್ಲಿ ಫ್ರೆಟ್‌ಗೊಂದು ಬೆರಳು ಅಂತ ಹಠ ಮಾಡಿ ಕೈ ನೋಯಿಸ್ಕೋಬೇಡಿ, ತೋರು, ಮಧ್ಯ, ಕಿರುಬೆರಳಲ್ಲಿ ಬಾರಿಸಿ, ಉಂಗುರ ಬೆರಳು ಕಿರುಬೆರಳಿಗೆ ಆಸರೆ ಕೊಡಲಿ. ಐದು ತಂತಿಯದ್ದರಲ್ಲಿ ಬಲಗೈ ಹೆಬ್ಬೆರಳನ್ನ ಪಿಕಪ್ ಮೇಲೆ ಊರದೆ ತಂತಿಗಳ ಮೇಲೆ ಓಡಾಡೋಕೆ ಬಿಡಿ, ಬಾರಿಸದೇ ಇರೋ, ಇ ತಂತಿಗಿಂತ ದಪ್ಪದ ಬಿ ತಂತಿ ತಾನಾಗೇ ಗುಂಯ್‌ಗುಡೋದು ಆಗಲೇ ನಿಲ್ಲೋದು.

ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಲ್ಲಿ, ಪ್ರಿಸಿಷನ್ ಮೇಲೆ, ಹಳೇ ಫ್ಲಾಟ್‌ವೂಂಡ್ (ನುಣುಪು ಮೈಯ) ತಂತಿಗಳಲ್ಲಿ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳನ್ನ ಬಾರಿಸಿದ್ರು. ಅಲ್ಲಿಯವರೇ ಆದ ಇನ್ನೊಬ್ಬ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಜಾಝ್ ಬೇಸ್ ಹಿಡಿದು ಬ್ರಿಡ್ಜ್ ಹತ್ರಾನೇ ಮೀಟಿ ಅದನ್ನ ಹಾಡಿಸಿದ್ರು. ಗಿಟಾರ್ ಎರಡೂ ಒಂದೇ ಕಂಪನೀದು. ಈಗ ಅದೇ ಗಿಟಾರ್ ಕೊಂಡ್ರೆ ಆ ಸದ್ದು ಬರುತ್ತಾ, ಬರಲ್ಲ, ಅವರಿಬ್ಬರೂ ತಮ್ಮ ಕೈಲಿದ್ದ ವಾದ್ಯಕ್ಕೆ ತಕ್ಕ ಹಾಗೆ ಕೈ ಪಳಗಿಸಿಕೊಂಡಿದ್ರು. ನಮ್ಮ ಮೃದಂಗದ ವಿದ್ವಾಂಸರನ್ನೇ ನೋಡಿ, ಕಚೇರಿಗೆ ಮುಂಚೆ ಎಡಗಡೆಗೆ ರವೆ ಮೆತ್ತಿ, ತಟ್ಟಿ, ಕೇಳಿ, ಮತ್ತೆ ಸ್ವಲ್ಪ ತೆಗೆದು, ಆ ದಿನದ ಶ್ರುತಿಗೂ ಹಾಲ್‌ಗೂ ಹೊಂದಿಸ್ಕೊಂಡೇ ಶುರು ಮಾಡೋದು, ಆ ತಾಳ್ಮೆ ನಮಗೂ ಬೇಕು.

ಮನೇಲಿ ಮಾಡೋಕೆ ಒಂದು ಅಭ್ಯಾಸ ಹೇಳ್ತೀನಿ. ಎ ತಂತಿಯ 5ನೇ ಫ್ರೆಟ್ ಹಿಡಿದು ಒಂದೇ ಲಯದಲ್ಲಿ ಮೀಟ್ತಾ ಬಲಗೈನ ನೆಕ್ ಕಡೆಯಿಂದ ಬ್ರಿಡ್ಜ್ ತನಕ ನಿಧಾನಕ್ಕೆ ಜಾರಿಸಿ, ಮತ್ತೆ ವಾಪಸ್ ಬನ್ನಿ, ಜೋರು ಮಾತ್ರ ಎಲ್ಲೂ ಹೆಚ್ಚುಕಮ್ಮಿ ಆಗಬಾರದು. ನೆಕ್ ಹತ್ರ ತಂತಿ ಮೆತ್ತಗೆ, ಬ್ರಿಡ್ಜ್ ಹತ್ರ ಗಟ್ಟಿ, ಅಲ್ಲಿ ಬೆರಳು ತುದಿ ಚೂರೇ ಸಾಕು. ನಾಬ್ ಒಂದೂ ಮುಟ್ಟದೆ ಎಷ್ಟು ಥರದ ಸದ್ದು ಬರುತ್ತೆ ಅಂತ ಕೇಳಿಸ್ಕೊಳ್ಳಿ, ಆಮೇಲೆ ಸ್ನೇಹಿತರ ಗಿಟಾರ್, ಸ್ನೇಹಿತರ ಆಂಪ್ ಇಸ್ಕೊಂಡು ಇದನ್ನೇ ಮಾಡಿ.

ಆಯೋಜಕರಿಗೂ ಒಂದು ವಿನಂತಿ ಇದೆ. ಸೌಂಡ್‌ಚೆಕ್ ಅಂದ್ರೆ ಗಾಯಕರದ್ದು, ಕೀಬೋರ್ಡ್‌ದು, ಆಮೇಲೆ ಟೈಮ್ ಇಲ್ಲ ಅಂತ ಬೇಸ್‌ನೋರಿಗೆ ಕೇಳ್ತಾ ಇದ್ಯಾ ಅಂತ ಒಂದು ಮಾತು, ಅಷ್ಟೇ. ಕೈ ಹೊಂದಿಸ್ಕೋಬೇಕು ಅಂದ್ರೆ ನಾವು ಬಾರಿಸಿದ್ದು ನಮಗೇ ಕೇಳಬೇಕು, ಅದಕ್ಕೆ ಡ್ರಮ್ಸ್ ಜೊತೆ ಒಂದು ಪೂರ್ತಿ ಹಾಡು ಬಾರಿಸೋಕೆ ಬಿಡಿ, ನಮ್ಮ ಕಡೆ ಒಂದು ಮಾನಿಟರ್ ಸ್ಪೀಕರ್ ತಿರುಗಿಸಿ, ಮಿಕ್ಸರ್ ಮುಂದೆ ಕೂತೋರು ಆ ಹಾಡು ಮುಗಿಯೋ ತನಕ ಬೇಸ್ ಚಾನೆಲ್‌ನ ಲೋ ನಾಬ್ ಮುಟ್ಟದೆ ಬಿಟ್ರೆ ಸಾಕು.

ಇಂತಿ,
ಒಬ್ಬ ಬೇಸ್ ಗಿಟಾರ್ ವಾದಕ, ದಾವಣಗೆರೆ