ಭಾನುವಾರ ಕಾರ್ಮಿಕರ ಶೆಡ್‌ಗಳಲ್ಲಿ ಪಡಿತರ ಮಾಹಿತಿ: ಐದಾರು ಜನ ಬೇಕು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 8 ಗಂಟೆಗೆ ಕೆರೆಯ ಹಿಂದಿನ ಕಟ್ಟಡ ಕಾರ್ಮಿಕರ ಶೆಡ್‌ಗಳಿಗೆ ಹೋಗುತ್ತಿದ್ದೇವೆ. ಅಲ್ಲಿರುವವರು ಹೆಚ್ಚಾಗಿ ರಾಯಚೂರು, ಯಾದಗಿರಿ ಕಡೆಯವರು, ಕೆಲವರು ಬಿಹಾರದವರು. ಪಡಿತರ ಚೀಟಿ ಊರಿನಲ್ಲಿದೆ, ಇಲ್ಲಿ ಅಕ್ಕಿಯನ್ನು ಅಂಗಡಿ ದರಕ್ಕೇ ಕೊಳ್ಳುತ್ತಿದ್ದಾರೆ.

2013ರ ಆಹಾರ ಭದ್ರತಾ ಕಾಯ್ದೆಯಡಿ ಚೀಟಿ ಇರುವವರು ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಧಾನ್ಯ ಪಡೆಯಬಹುದು. ಇಲ್ಲಿ ತಮ್ಮ ಪಾಲು ಪಡೆದರೆ ಊರಿನಲ್ಲಿರುವ ಅಪ್ಪ ಅಮ್ಮನ ಪಾಲು ಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ಹಾಗಾಗುವುದಿಲ್ಲ, ಉಳಿದದ್ದನ್ನು ಮನೆಯವರು ಅಲ್ಲಿಯೇ ತೆಗೆದುಕೊಳ್ಳಬಹುದು. ದಯವಿಟ್ಟು ಇದನ್ನು ನಿಧಾನವಾಗಿ ವಿವರಿಸಿ. ಉಳಿದದ್ದೆಲ್ಲ ಸಣ್ಣ ಕೆಲಸ.

ಚೀಟಿ ಸಂಖ್ಯೆ ಇದೆಯೇ, ಆಧಾರ್ ಜೋಡಣೆಯಾಗಿದೆಯೇ, ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಮುಗಿದಿದೆಯೇ ಎಂದು ಕೇಳಿ. ಆಧಾರ್ ಸಂಖ್ಯೆಯನ್ನು ಬರೆದುಕೊಳ್ಳಬೇಡಿ. ಅಂಗಡಿಯವರು ನಿರಾಕರಿಸಿದರೆ ದೂರು ನೀಡಲು 1967 ಸಹಾಯವಾಣಿ ತಿಳಿಸಿ. ಚೀಟಿಯೇ ಇಲ್ಲದವರ ಪಟ್ಟಿ ಬೇರೆ ಇರಲಿ.

ಕಿಟ್ ಹಂಚುವುದಿಲ್ಲ, ಆದ್ದರಿಂದ ಫೋಟೊ ತೆಗೆಯುವ ಸಂದರ್ಭವೂ ಬರುವುದಿಲ್ಲ! ಅವರಿಗೆ ಸಲ್ಲಬೇಕಾದದ್ದು ಸಲ್ಲುವಂತೆ ನೋಡುವುದಷ್ಟೇ ಕೆಲಸ.

ಹಿಂದಿ ಬಲ್ಲವರು ಇಬ್ಬರಾದರೂ ಬೇಕು, ಮಹಿಳೆಯರು ಬಂದರೆ ಒಳ್ಳೆಯದು. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ತಿಳಿಸಿ.