ಮಗಳಿಗೊಂದು ಪತ್ರ: ಹೆಬ್ಬೆರಳು ಊದಿದ ಕಥೆ

ಪುಟ್ಟಿ,

ನೀನು ಕಳಿಸಿದ ವಿಡಿಯೋ ಎರಡು ಸಲ ನೋಡಿದೆ. ಯೂರಿಕ್ ಆಸಿಡ್ (ಮೈಯಲ್ಲೇ ಹುಟ್ಟಿ ಮೂತ್ರದಲ್ಲಿ ಹೊರಹೋಗಬೇಕಾದ ಕಸ) ಇಳಿಸಿದರೆ ಬಿಪಿ ತಾನಾಗಿ ಇಳಿಯುತ್ತದೆ, ಬಿಪಿ ಮಾತ್ರೆಯೇ ಬೇಡ ಅಂತ ಆತ ಎಷ್ಟು ಗಟ್ಟಿಯಾಗಿ ಹೇಳುತ್ತಾನೆ! ಫೋನಲ್ಲಿ ಉತ್ತರ ಕೊಡೋಣ ಅಂದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ನನ್ನ ಕಾಲಿನ ಹೆಬ್ಬೆರಳು ಊದಿದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ರಾತ್ರಿ ಎರಡು ಗಂಟೆ. ಬೆರಳಿನ ಬುಡ ಕೆಂಪಗೆ ಕಾದು ಹೋಗಿತ್ತು. ಹೊದಿಕೆ ತಾಗಿದರೂ ಜೀವ ಹೋದ ಹಾಗೆ. ನಿನ್ನಪ್ಪ ಏನೋ ಕಚ್ಚಿರಬೇಕು ಅಂತ ಟಾರ್ಚ್ ಹಿಡಿದು ಹಾಸಿಗೆಯೆಲ್ಲ ಜಾಲಾಡಿದರು. ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ 8.9 ಬಂತು. ಸುಮಾರು 6.8 ದಾಟಿದರೆ ಅದು ಪೂರ್ತಿ ಕರಗಿ ಇರಲಾರದು, ಕೀಲಿನಲ್ಲಿ ಸೂಜಿಯಂಥ ಹರಳಾಗಿ ಕೂರಬಹುದು. ಅದೇ ಗೌಟ್.

ಸುದ್ದಿ ಹಬ್ಬಿದ್ದೇ ತಡ, ಬೇಳೆ ಬಿಡಿ, ಬಸಳೆ ಬಿಡಿ, ಮೊಸರು ಬಿಡಿ ಅಂತ ಕೇರಿಯವರೆಲ್ಲ ಡಾಕ್ಟರಾದರು. ಒಂದು ವಾರ ಬರೀ ಗಂಜಿ, ಉಪ್ಪಿನಕಾಯಿ. ಬಿಪಿ ಇರುವವಳಿಗೆ ಉಪ್ಪಿನಕಾಯಿ, ನೋಡು! ನಿಜಕ್ಕೂ ಬೇಳೆ ಸೊಪ್ಪಿನಿಂದ ಗೌಟ್ ಹೆಚ್ಚುವುದಿಲ್ಲ, ಹಾಲು ಮೊಸರು ಒಳ್ಳೆಯದೇ. ಕಡಿಮೆ ಮಾಡಬೇಕಿದ್ದದ್ದು ನನ್ನ ಪ್ರೀತಿಯ ಬೂತಾಯಿ ಮೀನು.

ಡಾಕ್ಟರು ಊಟದ ಸುದ್ದಿ ಆಮೇಲೆ ಕೇಳಿದರು. ಮೊದಲು ಕೇಳಿದ್ದು ಬಿಪಿ ಮಾತ್ರೆಯ ಶೀಟು. ಹಿಂದೆ ತಿರುಗಿಸಿ ಕನ್ನಡಕ ಮೇಲೆತ್ತಿ ಓದಿದರು. ಒಂದೇ ಮಾತ್ರೆಯಲ್ಲಿ ಎರಡು ಔಷಧ. ಎರಡನೆಯದು ಹೈಡ್ರೋಕ್ಲೋರೋಥಯಜೈಡ್. ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕಿ ಬಿಪಿ ಇಳಿಸುವ ಔಷಧ, ಒಳ್ಳೆಯದೇ. ಆದರೆ ಅದು ಯೂರಿಕ್ ಆಸಿಡ್ ಹೊರಹೋಗದಂತೆ ತಡೆಯುತ್ತದೆ. ಅಲ್ಲದೆ ಮುಟ್ಟು ನಿಂತ ಮೇಲೆ ಹೆಂಗಸರಿಗೆ ಯೂರಿಕ್ ಆಸಿಡ್ ಏರುವುದೂ ಉಂಟು. ಅಂದರೆ ನನ್ನ ವಿಷಯದಲ್ಲಿ ವಿಡಿಯೋದವನ ಮಾತು ತಲೆಕೆಳಗು, ಅಲ್ವಾ? ಬಿಪಿ ಮೊದಲು, ಅದರ ಮಾತ್ರೆ ಆಮೇಲೆ, ಯೂರಿಕ್ ಆಸಿಡ್ ಕೊನೆಗೆ. ಈಗ ಲೋಸಾರ್ಟಾನ್ ಕೊಟ್ಟಿದ್ದಾರೆ. ಅದು ಬಿಪಿಯ ಜೊತೆ ಯೂರಿಕ್ ಆಸಿಡ್ಡನ್ನೂ ಸ್ವಲ್ಪ ಇಳಿಸುತ್ತದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ಇಷ್ಟಕ್ಕೇ ಸುಮ್ನೆ ಇರುತ್ತೇನಾ? ಓದಿದೆ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 1870ರ ದಶಕದಲ್ಲೇ ಲಂಡನ್ನಿನ ಫ್ರೆಡೆರಿಕ್ ಅಕ್ಬರ್ ಮಹಮದ್ ಎಂಬ ಡಾಕ್ಟರಿಗೆ ಯೂರಿಕ್ ಆಸಿಡ್‌ನಿಂದ ಬಿಪಿ ಏರುತ್ತದೆಯೇ ಎಂಬ ಅನುಮಾನ ಬಂದಿತ್ತು. ಪಾಟ್ನಾದಿಂದ ಹೋಗಿ 1810ರಲ್ಲಿ ಲಂಡನ್ನಿನಲ್ಲಿ ಭಾರತದ ಅಡುಗೆಯ ಹೋಟೆಲ್ ತೆರೆದವರ ಮೊಮ್ಮಗ ಈತ. ಪಾಪ, ಮೂವತ್ತೈದಕ್ಕೇ ಟೈಫಾಯ್ಡ್‌ನಿಂದ ತೀರಿಕೊಂಡರು. ಎಷ್ಟೋ ವರ್ಷದ ಮೇಲೆ ವಿಜ್ಞಾನಿಗಳು ಇಲಿಗಳಲ್ಲಿ ಯೂರಿಕ್ ಆಸಿಡ್ ಏರಿಸಿ ನೋಡಿದರು. ರಕ್ತನಾಳ ಸಡಿಲವಾಗಲು ಬೇಕಾದ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ ಬಿಪಿ ಏರಿತು. 2008ರಲ್ಲಿ ಅಮೆರಿಕದಲ್ಲಿ, ಬಿಪಿ ಹೊಸದಾಗಿ ಕಾಣಿಸಿಕೊಂಡ 30 ಹದಿಹರೆಯದ ಮಕ್ಕಳಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಎಂಬ ಔಷಧ ಕೊಟ್ಟರು. 20 ಮಕ್ಕಳ ಬಿಪಿ ಸರಿಹೋಯಿತು. ಅದೇ ಮಕ್ಕಳಿಗೆ ಔಷಧವೇ ಇಲ್ಲದ ಮಾತ್ರೆ ಕೊಟ್ಟಾಗ ಸರಿಹೋದದ್ದು ಒಬ್ಬರದ್ದು ಮಾತ್ರ.

ವಿಡಿಯೋ ಅಲ್ಲಿಗೆ ನಿಲ್ಲುತ್ತದೆ. 2021ರಲ್ಲಿ 18ರಿಂದ 40 ವರ್ಷದವರಲ್ಲಿ ಇದನ್ನೇ ಪರೀಕ್ಷಿಸಿದಾಗ ಬಿಪಿ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಅದನ್ನು ಆತ ಹೇಳಲಿಲ್ಲ. ನನ್ನ ವಯಸ್ಸಿಗೆ, ಇಷ್ಟು ವರ್ಷದ ಬಿಪಿಗೆ, ಆ ಮಕ್ಕಳ ಲೆಕ್ಕ ಹೊಂದುತ್ತದೆಯೇ? ಅಲೋಪ್ಯೂರಿನಾಲ್ ಕೆಲವರಿಗೆ ಮೈಯೆಲ್ಲ ಗುಳ್ಳೆ ಎದ್ದು ಜೀವಕ್ಕೇ ಕುತ್ತು ತರುವುದೂ ಉಂಟು. ಹಾಗಾಗಿ ನನ್ನ ಬಿಪಿ ಮಾತ್ರೆ ನಾನು ಬಿಡುವುದಿಲ್ಲ, ನೀನು ಒತ್ತಾಯ ಮಾಡಬೇಡ.

ನಿನ್ನ ಚೆಕಪ್ಪಿನಲ್ಲಿ ಯೂರಿಕ್ ಆಸಿಡ್ 6.3 ಬಂತು ಅಂತ ಹೆದರಿದ್ದೀಯಲ್ಲ? ನೋವಿಲ್ಲದೆ ಬರೀ ಆ ಅಂಕಿಗೆ ಮಾತ್ರೆ ನುಂಗಬೇಕಿಲ್ಲ. ಆಫೀಸಿನ ಫ್ರಿಜ್ಜಿನ ಆ ಸಿಹಿ ಬಾಟಲಿಗಳನ್ನು ಕಡಿಮೆ ಮಾಡು. ಸಕ್ಕರೆಯಲ್ಲಿರುವ ಫ್ರಕ್ಟೋಸಿನಿಂದಲೂ ಯೂರಿಕ್ ಆಸಿಡ್ ಏರುತ್ತದೆ. ನೀನು ಬಿಪಿ ನೋಡಿಸಿದ್ದೇ ಇಲ್ಲ, ಅದನ್ನು ಮೊದಲು ನೋಡಿಸು.

ಇವತ್ತು ಬೆಳಿಗ್ಗೆ ನನ್ನದು 132/84. ನಿನ್ನಪ್ಪ ಮಾತ್ರ ಮೆಷಿನ್ ಹೊರತೆಗೆದ ಕೂಡಲೇ ತೋಟಕ್ಕೆ ಹೋಗಿಬಿಡುತ್ತಾರೆ. ಭಾನುವಾರ ಫೋನ್ ಮಾಡಿದಾಗ ಸ್ವಲ್ಪ ಗದರಿಸು.

ನಿನ್ನ
ಅಮ್ಮ